ಮಲ್ಪೆಯಿಂದ ಹೊರಟ ಹತ್ತೇ ನಿಮಿಷಕ್ಕೆ ಎಂಜಿನ್ ನಿಂತದ್ದು

ಟ್ಯಾಂಕ್ ತುಂಬಾ ಪೆಟ್ರೋಲ್ ಇದ್ದೂ ಮಲ್ಪೆಯಿಂದ ಹೊರಟ ಹತ್ತು ನಿಮಿಷಕ್ಕೇ ನಿಮ್ಮ ದೋಣಿಯ ಔಟ್‌ಬೋರ್ಡ್ ಎಂಜಿನ್ (ದೋಣಿಯ ಹಿಂದೆ ಹೊರಗಡೆ ಸಿಕ್ಕಿಸುವ ಎಂಜಿನ್) ಯಾಕೆ ನಿಂತಿತು ಅಂತ ಕೇಳಿದ್ರಲ್ಲ, ಹೆಚ್ಚಾಗಿ ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ತೆರೆದಿರಲಿಲ್ಲ. ಒಳಗೆ ಗಾಳಿ ಹೋಗದೆ ಪೆಟ್ರೋಲ್ ಹೊರಗೆ ಬರುವುದಿಲ್ಲ. ಟ್ಯಾಂಕಿನಿಂದ ಎಂಜಿನ್‌ಗೆ ಹೋಗುವ ಪೈಪಿನ ನಡುವೆ ಪೆಟ್ರೋಲ್ ತಳ್ಳಲು ಕೈಯಲ್ಲಿ ಒತ್ತುವ ರಬ್ಬರ್ ಬಲ್ಬ್ ಚಪ್ಪಟೆಯಾಗಿತ್ತಾ? ಹಾಗಿದ್ದರೆ ಅದೇ. ನನಗೂ ಒಮ್ಮೆ ಹೀಗೇ ಆಗಿ, ಮೀನಿನ ದೋಣಿಯವರು ಹಗ್ಗ ಕಟ್ಟಿ ಎಳೆದು ತಂದಿದ್ದರು, ದಡದಲ್ಲಿ ಹೆಂಡತಿ ಮನೆಯವರೆಲ್ಲ ಸಾಲಾಗಿ ನಿಂತಿದ್ದರು.

ಇನ್ನೊಮ್ಮೆ ಹೀಗಾದರೆ ಮೊದಲು ಲಂಗರು ಹಾಕಿ, ಇಲ್ಲದಿದ್ದರೆ ಅಲೆ ಎಲ್ಲೆಲ್ಲಿಗೋ ತಳ್ಳುತ್ತದೆ. ಆಮೇಲೆ ಸ್ಕ್ರೂ ಸಡಿಲಿಸಿ. ಟ್ಯಾಂಕ್ ಸುಯ್ ಅಂತ ಗಾಳಿ ಎಳೆದುಕೊಳ್ಳುತ್ತದೆ. ಬಲ್ಬಿನ ಮೇಲಿನ ಬಾಣ ಎಂಜಿನ್ ಕಡೆಗಿರಲಿ, ಗಟ್ಟಿಯಾಗುವವರೆಗೆ ಒತ್ತಿ, ಸ್ಟಾರ್ಟ್ ಮಾಡಿ. ಆಗಲೂ ಹತ್ತಲಿಲ್ಲವಾದರೆ ಎಂಜಿನ್ನಿನ ಸ್ವಿಚ್ಚಿಗೆ ಸಿಕ್ಕಿಸುವ ಸುರುಳಿ ದಾರದ ಸೇಫ್ಟಿ ಕ್ಲಿಪ್ ಕಳಚಿದೆಯಾ ನೋಡಿ, ಅದಿಲ್ಲದೆ ಎಂಜಿನ್ ಹತ್ತುವುದಿಲ್ಲ.

ಬಲ್ಬ್ ಗಟ್ಟಿಯಿದ್ದೂ ನಿಂತಿದ್ದರೆ ನನ್ನ ಊಹೆ ತಪ್ಪು. ಪೆಟ್ರೋಲ್ ಫಿಲ್ಟರಿಗೆ ನೀರು ಸೇರಿರಬಹುದು, ಮೆಕ್ಯಾನಿಕ್‌ಗೆ ತೋರಿಸಿ.