ಜಾವಾದ ಹಳ್ಳಿಯಲ್ಲಿ ವಿದೇಶಿಯರು ಗದ್ದೆ ಕೊಳ್ಳಬಹುದೇ? ಅತಿಥಿಯಾಗಿ ತಂಗಲು ನಿಯಮವೇನು?

ಕೊಳ್ಳಲಾಗದು. ಇಂಡೋನೇಷ್ಯಾದ 1960ರ ಮೂಲ ಭೂ ಕಾಯ್ದೆಯ ಪ್ರಕಾರ ‘ಹಕ್ ಮಿಲಿಕ್’ ಎಂಬ ಪೂರ್ಣ ಒಡೆತನ ವ್ಯಕ್ತಿಗಳ ಪೈಕಿ ಆ ದೇಶದ ಪ್ರಜೆಗಳಿಗೆ ಮಾತ್ರ ಸಲ್ಲುತ್ತದೆ. ಸಾಗುವಳಿ ಜಮೀನಿನ ವಿಷಯದಲ್ಲಂತೂ ದೂರದ ಊರಿನಲ್ಲಿ ನೆಲೆಸಿದ ಸ್ವದೇಶಿ ಮಾಲೀಕನಿಗೂ, ಕನಿಷ್ಠ ಕಾಗದದ ಮೇಲೆ, ನಿರ್ಬಂಧವಿದೆ. ಗದ್ದೆಗಳೆಲ್ಲ ಖಾಸಗಿಯೂ ಅಲ್ಲ: ‘ಬೆಂಗ್ಕೊಕ್’ ಎಂಬ ಊರೊಟ್ಟಿನ ಭೂಮಿಯನ್ನು ಗ್ರಾಮದ ಮುಖ್ಯಸ್ಥನೂ ಅವನ ಸಹಾಯಕರೂ ಸಂಬಳದ ಬದಲಿಗೆ, ಹುದ್ದೆಯಲ್ಲಿರುವಷ್ಟು ಕಾಲ ಮಾತ್ರ, ಅನುಭವಿಸುತ್ತ ಬಂದಿದ್ದಾರೆ; ನಮ್ಮ ಹಳೆಯ ಉಂಬಳಿಯನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಸ್ವಂತ ಭೂಮಿಯಿಲ್ಲದವರಲ್ಲಿ ಹಲವರು ‘ಮಾರೊ’ ಪದ್ಧತಿಯಲ್ಲಿ, ಅಂದರೆ ಬೆಳೆಯನ್ನು ಮಾಲೀಕನೊಂದಿಗೆ ಅರ್ಧರ್ಧ ಹಂಚಿಕೊಳ್ಳುವ ಕೋರುಪಾಲಿನಲ್ಲಿ, ದುಡಿಯುತ್ತಾರೆ.

ರಾತ್ರಿ ತಂಗುವ ಅತಿಥಿಯ ವಿವರವನ್ನು 24 ಗಂಟೆಯೊಳಗೆ ಓಣಿಯ ಮುಖ್ಯಸ್ಥನಾದ ‘ಪಾಕ್ ಆರ್‌ಟಿ’ಗೆ ತಿಳಿಸಬೇಕು, ಹಾಗೆಂದು ಬರೆದ ಫಲಕ ಎಷ್ಟೋ ಓಣಿಗಳ ಬಾಯಲ್ಲೇ ಇರುತ್ತದೆ. ಚಪ್ಪಲಿಯನ್ನು ಹೊರಗೆ ಬಿಟ್ಟು ಕುಳಿತ ಮೇಲೆ ಸಕ್ಕರೆ ಧಾರಾಳವಾಗಿ ಬೆರೆಸಿದ ಚಹಾ ಬರುತ್ತದೆ. ಮನೆಯವರು ‘ಮೊಂಗ್ಗೊ’ ಎಂದು ಉಪಚರಿಸುವ ಮುನ್ನ ಲೋಟಕ್ಕೆ ಕೈ ಹಾಕಬಾರದು.