ಕೆಟ್ಟಿದ್ದು ನಿಮ್ಮ ಕೈಯಲ್ಲ, ಹಿಟ್ಟು

ವಿಜಯಪುರದಿಂದ ಮದುವೆಯಾಗಿ ಉಡುಪಿಗೆ ಬಂದು ಎಂಟು ತಿಂಗಳಾಯಿತು ಎಂದು ಪತ್ರದಲ್ಲಿ ಬರೆದಿದ್ದೀರಿ. ಬಿಡದ ಮಳೆ, ಒಣಗದ ಬಟ್ಟೆ, ಎರಡು ಹೊತ್ತೂ ಕುಚ್ಚಲಕ್ಕಿ, ಮನೆತುಂಬ ತುಳು. ಅತ್ತೆ ಒಳ್ಳೆಯವರು, ಗಂಡ ಒಳ್ಳೆಯವರು, 'ನನಗೇ ಹೊಂದಿಕೊಳ್ಳಲು ಬರುತ್ತಿಲ್ಲ' ಎಂದು ಮೂರು ಕಡೆ ಬರೆದಿದ್ದೀರಿ. ನಡುವೆ ಎಲ್ಲೋ ಒಂದು ಸಾಲು: 'ಅವ್ವ ಕಳಿಸಿದ ಹಿಟ್ಟಿನ ರೊಟ್ಟಿ ಸೀಳುತ್ತಿತ್ತು, ಕಹಿಯಾಗುತ್ತಿತ್ತು. ನನ್ನ ಕೈಯೇ ಕೆಟ್ಟಿತೇನೋ ಎಂದು ಬಡಿಯುವುದನ್ನೇ ಬಿಟ್ಟೆ.'

ನನಗೆ ನೋವಾಗಿದ್ದು ಈ ಸಾಲಿಗೆ.

ತಂಗಿ, ಕೈ ಕೆಟ್ಟಿಲ್ಲ. ಇಲ್ಲಿ ತಪ್ಪು ನಿಮ್ಮ ಅವ್ವನದು. ಮಳೆಗಾಲ ಹಿಡಿಯುವ ಹೊತ್ತಿಗೆ ಹತ್ತು ಕೆಜಿ ಜೋಳ ಬೀಸಿಸಿ ಕಳಿಸಿದ್ದಾರೆ. ಜೋಳದ ಕಾಳಿನ ಮೊಳಕೆಯಲ್ಲಿ ಎಣ್ಣೆಯಂಶವಿದೆ. ಬೀಸಿದ ಮೇಲೆ ಅದಕ್ಕೆ ಗಾಳಿ, ತೇವ ತಗುಲಿ ಹಿಟ್ಟು ಕಮಟಾಗಿ ಕಹಿ ಬರುತ್ತದೆ. ಹಿಟ್ಟು ಹಳತಾದಷ್ಟೂ ಜಿಗಿ ಹೋಗಿ, ಬಡಿಯುವಾಗ ಅಂಚು ಸೀಳುತ್ತದೆ. ವಿಜಯಪುರದಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ, ಉಡುಪಿಯಲ್ಲಿ 4000ದ ಹತ್ತಿರ. ಅಲ್ಲಿ ತಡೆದ ಹಿಟ್ಟು ಇಲ್ಲಿ ತಡೆಯುವುದಿಲ್ಲ.

ಅವ್ವ ಇನ್ನು ಕಾಳು ಕಳಿಸಲಿ. ಚೆನ್ನಾಗಿ ಬಿಸಿಲು ಕಾಯಿಸಿದ ಬಿಳಿ ಜೋಳ, ಮಾಲ್ದಂಡಿ ತಳಿಯದಾದರೆ ಇನ್ನೂ ಒಳ್ಳೆಯದು. ಬಿಸಿಲಿಗೆ ಹಾಕಿದ ಕಾಳು ಪೂರ್ತಿ ಆರಿದ ಮೇಲೆಯೇ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ತುಂಬಿ. ಬಿಸಿ ಇದ್ದಾಗ ತುಂಬಿದರೆ ಒಳಗೇ ಬೆವರಿ ಬೂಸಲು ಹಿಡಿಯುತ್ತದೆ. ಒಂದು ಸಲಕ್ಕೆ 2 ಕೆಜಿ ಮಾತ್ರ ಬೀಸಿಸಿ, ಹದಿನೈದು ದಿನದೊಳಗೆ ಮುಗಿಸಿ. ಮೆಣಸಿನಕಾಯಿ ಬೀಸುವ ಗಿರಣಿಗೆ ಹಾಕಿಸಬೇಡಿ. ಮಳೆಗಾಲದಲ್ಲಿ ತಣ್ಣೀರಿಗೆ ಕಲಸುವುದು ಬೇಡವೇ ಬೇಡ: ಎಸರು ಕುದಿ ಬಂದಾಗ ಹಿಟ್ಟಿನ ಮೇಲೆ ಸುರಿದು, ಚಮಚದಿಂದ ಕಲಸಿ ಮುಚ್ಚಿಡಿ, ಕೈ ತಾಳುವಷ್ಟು ಬಿಸಿ ಇರುವಾಗಲೇ ನಾದಿ. ಜೋಳಕ್ಕೆ ಗೋಧಿಯ ಹಾಗೆ ಅಂಟು ಇಲ್ಲ, ಕುದಿನೀರೇ ಅದನ್ನು ಹಿಡಿದಿಡುವುದು. ಬಡಿದ ರೊಟ್ಟಿ ಹಂಚಿಗೆ ಬಿದ್ದ ಕೂಡಲೇ ಮೇಲೆ ನೀರು ಸವರಿ. ತಡವಾದರೆ ಬಿರುಕು ಬಿಡುತ್ತದೆ.

ಊಟ ಒಗ್ಗದ ಊರು ಒಗ್ಗುವುದಿಲ್ಲ ಎಂದು ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ. ನಿಮ್ಮ ಕಡೆ ಪುಂಡಿ ಎಂದರೆ ಹುಳಿ ಸೊಪ್ಪು, ಅತ್ತೆಗೆ ಪುಂಡಿ ಎಂದರೆ ಹಬೆಯಲ್ಲಿ ಬೆಂದ ಅಕ್ಕಿ ಉಂಡೆ. ಎರಡೂ ಒಂದೇ ಅಡುಗೆಮನೆಯಲ್ಲಿ ಇರಬಹುದು. ಅತ್ತೆ ತಡೆದಿದ್ದಾರೆಂದು ನೀವು ಎಲ್ಲೂ ಬರೆದಿಲ್ಲ, ನೀವೇ ಬಿಟ್ಟಿದ್ದು.

ಗಂಡನ ಬಗ್ಗೆ ನನಗೆ ಅಷ್ಟು ಒಳ್ಳೆಯ ಅಭಿಪ್ರಾಯವಿಲ್ಲ. ಎಲ್ಲರೂ ತುಳುವಿನಲ್ಲಿ ನಗುವಾಗ 'ಏನಂದರು?' ಎಂದು ಕೇಳಿದರೆ 'ಏನಿಲ್ಲ ಬಿಡು' ಎನ್ನುತ್ತಾರಂತೆ. ಹಾಗೆನ್ನುವುದು ಹೆಂಡತಿಯನ್ನು ಹೊರಗೆ ಕೂರಿಸಿದಂತೆ. ಆ ಮಾತನ್ನು ಅಲ್ಲೇ, ಆಗಲೇ ಕನ್ನಡದಲ್ಲಿ ಹೇಳಲಿ. ಗಿರಣಿಗೆ ಡಬ್ಬಿ ಹೊರುವುದೂ ಅವರ ಪಾಲಿಗಿರಲಿ.

ನೀವು ಮಾಡಬೇಕಾದದ್ದು ಒಂದೇ. ಹಳೆಯ ಹಿಟ್ಟು ಚೆಲ್ಲಿ. ಹೊಸ ಕಾಳು ಬೀಸಿಸಿದ ಮೊದಲ ಭಾನುವಾರ ಅರ್ಧ ಕೆಜಿ ಹಿಟ್ಟು ನಾದಿ, ಏಳೆಂಟು ರೊಟ್ಟಿಯಾಗುತ್ತದೆ. ಉಬ್ಬಿದ ಮೊದಲ ರೊಟ್ಟಿ ಅತ್ತೆಯ ತಟ್ಟೆಗೆ ಹಾಕಿ, ಅವರದೇ ಬಸಳೆ ಸಾಂಬಾರಿನ ಜೊತೆ. ಸಂಜೆ 'ವಣಸ್ ಆಂಡಾ?' (ಊಟ ಆಯಿತಾ?) ಎಂದು ತುಳುವಿನಲ್ಲಿ ನೀವೇ ಮೊದಲು ಕೇಳಿ.