ಗುಂಟೆಗೆ 1089 ಚದರಡಿ ಯಾಕೆ, ಸಾವಿರ ಅಂತ ಹಿಡಿದರೆ ಏನಾಗುತ್ತೆ?

ಅಣ್ಣ, ಮುಳಬಾಗಿಲು ಕಡೆಯ ನಿಮ್ಮ 5 ಗುಂಟೆ ಪಟ್ಟಿಯನ್ನು 5000 ಚದರಡಿ ಎಂದು ಹಿಡಿದು, 11 ಅಡಿ ಅಂತರಕ್ಕೆ 41 ಸೀಬೆ ಸಸಿ ಸಾಕಾ ಎಂದು ಕೇಳಿದ್ದೀರಿ. ಗುಂಟೆಗೆ 1089 ಅನ್ನೋ ಸೊಟ್ಟ ಲೆಕ್ಕ ಯಾಕೆ ಇಟ್ಟರು ಅಂತಲೂ ಕೇಳಿದ್ದೀರಿ. ಸಸಿ 45 ತನ್ನಿ. ಇನ್ನು 1089 ಸೊಟ್ಟ ಅಲ್ಲವೇ ಅಲ್ಲ, ನನಗಂತೂ ಅಷ್ಟು ಅಚ್ಚುಕಟ್ಟಾದ ಸಂಖ್ಯೆ ಜಮೀನಿನ ಲೆಕ್ಕದಲ್ಲಿ ಇನ್ನೊಂದು ಕಂಡಿಲ್ಲ.

33 ಅಡಿ ಉದ್ದ, 33 ಅಡಿ ಅಗಲದ ಚೌಕವೇ ಗುಂಟೆ. ಇಂಗ್ಲೆಂಡಿನ ಎಡ್ಮಂಡ್ ಗುಂಟರ್ 1620ರ ಸುಮಾರಿಗೆ ಬಳಕೆಗೆ ತಂದ ಸರ್ವೇ ಸರಪಳಿ 66 ಅಡಿಯದು. ಹತ್ತು ಚದರ ಸರಪಳಿಗೆ ಒಂದು ಎಕರೆ, ಅಂದರೆ 43,560 ಚದರಡಿ. 33 ಅಂದರೆ ಅರ್ಧ ಸರಪಳಿ, ಅಂಥ ಚೌಕಗಳು ಎಕರೆಗೆ ಸರಿಯಾಗಿ 40.

33 ಅಂದರೆ 3 ಹನ್ನೊಂದು. ಹಾಗಾಗಿ 11 ಅಡಿ ಅಂತರಕ್ಕೆ ಗುಂಟೆಗೆ ಮೂರು ಸಾಲು, ಸಾಲಿಗೆ ಮೂರು ಗಿಡ, ಒಟ್ಟು 9. ನಿಮ್ಮ ಪಟ್ಟಿ 165ಕ್ಕೆ 33 ಅಡಿ ಅಂದಿರಲ್ಲ, ಬದುವಿನಿಂದ ಐದೂವರೆ ಅಡಿ ಒಳಗೆ ಮೊದಲ ಗೂಟ ಹೊಡೆದರೆ ಒಂದೊಂದು ಸಾಲಿಗೆ 15ರಂತೆ ಮೂರು ಸಾಲು ಸಲೀಸಾಗಿ ಕೂರುತ್ತವೆ. ಮಾವಿಗೆ ನಮ್ಮ ಶ್ರೀನಿವಾಸಪುರದ ಕಡೆ 33 ಅಡಿ ಅಂತರ ಇಟ್ಟರೆ ಗುಂಟೆಗೆ ಒಂದೇ ಮರ, ಎಕರೆಗೆ 40.

ಈಗ ಗುಂಟೆ ಮಗ್ಗಿ ಬರೆದು ನೋಡಿ: 1089, 2178, 3267, 4356, 5445, 6534, 7623, 8712, 9801. ಮೊದಲೆರಡು ಅಂಕಿ ಹನ್ನೊಂದರಂತೆ ಏರುತ್ತವೆ, ಕೊನೆಯೆರಡು ಹನ್ನೊಂದರಂತೆ ಇಳಿಯುತ್ತವೆ. 1089 ಅಂದರೆ 1100ರಲ್ಲಿ 11 ಕಡಿಮೆ, ಗುಟ್ಟು ಅಷ್ಟೇ. 7 ಗುಂಟೆ ಎಷ್ಟು ಅಂದರೆ 7700ರಲ್ಲಿ 77 ಕಳೆಯಿರಿ, 7623. ಫೋನ್ ತೆಗೆಯುವ ಅಗತ್ಯವೇ ಇಲ್ಲ. ಇನ್ನೂ ಚೆಂದ ಏನು ಗೊತ್ತಾ, 1 ಗುಂಟೆಯ ಅಂಕಿ ತಿರುಗಿಸಿದರೆ 9 ಗುಂಟೆ, 2ರದ್ದು ತಿರುಗಿಸಿದರೆ 8, 3ರದ್ದು 7, 4ರದ್ದು 6. ನಿಮ್ಮ 5445 ಹಿಂದಿನಿಂದ ಓದಿದರೂ ಅದೇ.

ಮಕ್ಕಳಿಗೆ ಇನ್ನೊಂದು ಹೇಳಿಕೊಡಿ. 752 ತಗೊಂಡು, ಅದನ್ನು ತಿರುಗಿಸಿದ 257 ಕಳೆದರೆ 495, ಅದಕ್ಕೆ ಅದನ್ನೇ ತಿರುಗಿಸಿದ 594 ಕೂಡಿದರೆ 1089. ಮೊದಲ ಮತ್ತು ಕೊನೆಯ ಅಂಕಿ ಬೇರೆ ಇರುವ ಯಾವ ಮೂರಂಕಿ ಸಂಖ್ಯೆಗೂ, ದೊಡ್ಡದರಿಂದ ಚಿಕ್ಕದನ್ನು ಕಳೆದರೆ, ಉತ್ತರ ಇದೇ. ಕಳೆದಾಗ 99 ಬಂದರೆ ಮಾತ್ರ 099 ಅಂತ ಬರೆದು ತಿರುಗಿಸಬೇಕು.

ಕ್ರಯಪತ್ರ ಓದುವಾಗಲೂ ಇದು ಕೈ ಹಿಡಿಯುತ್ತೆ. ಪೂರ್ತಿ ಗುಂಟೆಗಳ ಚದರಡಿ 9ಕ್ಕೂ 11ಕ್ಕೂ ಶೇಷ ಉಳಿಯದೆ ಭಾಗವಾಗಲೇಬೇಕು. 7623 ಬದಲು 7632 ಅಂತ ಟೈಪಾಗಿದ್ದರೆ 9ರ ಪರೀಕ್ಷೆ ದಾಟಿಬಿಡುತ್ತೆ, 11ರಲ್ಲಿ ಸಿಕ್ಕಿಬೀಳುತ್ತೆ. ಎರಡನ್ನೂ ಮಾಡಿ. ಪಹಣಿಯ 2-10 ಅಂದರೆ 2 ಎಕರೆ 10 ಗುಂಟೆ, 90 ಗುಂಟೆ, 98,010 ಚದರಡಿ. ಅದನ್ನು 2.10 ಎಕರೆ ಅಂತ ಓದಬೇಡಿ.

ಸಾವಿರದ ಲೆಕ್ಕ ಯಾರು ಹೇಳಿದರೂ ಒಪ್ಪಬೇಡಿ. ಎಕರೆಗೆ 3560 ಚದರಡಿ ಕೈಬಿಡುತ್ತೆ, ಅದು ಮೂರು ಗುಂಟೆಗೂ ಜಾಸ್ತಿ. ಮೀಟರ್ ಟೇಪು ಹಿಡಿದರೂ ಎಚ್ಚರ, 33 ಅಡಿ ಅಂದರೆ 10.06 ಮೀಟರ್. ನಿಮ್ಮ 165 ಅಡಿಗೆ 50 ಮೀಟರ್ ಅಳೆದು ಗೂಟ ಹೊಡೆದರೆ ಕೊನೆಯಲ್ಲಿ ಸುಮಾರು ಒಂದಡಿ ಕಡಿಮೆ ಬೀಳುತ್ತೆ.